ಮಕ್ಕಳ ಕೈಗೆ ಲೋಟ ಕೊಟ್ಟವರು ಯಾರು?



ಕ್ರಿಸ್ಮಸ್ ರಜೆಯ ಒಂದು ಭಾನುವಾರ. ಎರಡನೆಯ ಬಲಿಪೂಜೆ ಮುಗಿದು ಜನ ಚದುರುತ್ತಿದ್ದರು. ನಮ್ಮ ಶ್ರೀಗಂಧದ ಕಾವಲಿನಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬರು ನನ್ನನ್ನು ಕಾಣಲು ಬಂದರು. ಇವರು ಮೊದಲು ನಮ್ಮ ಧರ್ಮೋಪದೇಶದ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಎರಡು ವರ್ಷಗಳಿಂದ ಜರ್ಮನಿಯ ಒಂದು ಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದಾರೆ. ಕುಶಲ ವಿಚಾರಿಸಿದ ಮೇಲೆ ಮೆಲ್ಲಗೆ ಒಂದು ಮಾತು ತೆಗೆದರು.

"ಸ್ವಾಮಿ, ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ರಾತ್ರಿ ಊಟಕ್ಕೆ ಕುಳಿತಾಗ ಹದಿನಾರು ವರ್ಷದ ಇಬ್ಬರು ವಿದ್ಯಾರ್ಥಿಗಳು ಬಿಯರ್ ತರಿಸಿಕೊಂಡರು. ಹೋಟೆಲಿನವನು ವಯಸ್ಸಿನ ಚೀಟಿ ನೋಡಿ ತಂದಿಟ್ಟ. ಜೊತೆಯಲ್ಲಿದ್ದ ಹಿರಿಯ ಶಿಕ್ಷಕರು ಏನೂ ಆಗಿಲ್ಲವೆಂಬಂತೆ ಊಟ ಮಾಡುತ್ತಿದ್ದರು. ನನಗೆ ತುತ್ತು ಇಳಿಯಲಿಲ್ಲ. ಗದರಿಸಿದರೆ ಇವರಿಗೇನು ಗೊತ್ತು ಎನ್ನುತ್ತಾರೆ. ಸುಮ್ಮನಿದ್ದರೆ ಮನಸ್ಸು ಚುಚ್ಚುತ್ತದೆ. ನಮ್ಮಲ್ಲಿ ತಪ್ಪಾದದ್ದು ಅಲ್ಲಿ ತಪ್ಪಲ್ಲವೇ? ದೇವರು ಒಬ್ಬನೇ ಅಲ್ಲವೇ ಸ್ವಾಮಿ?"

ಪ್ರಶ್ನೆ ಸಣ್ಣದಲ್ಲ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳಿಂದ ಮಕ್ಕಳು ಈಗ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಕೆಲವರು ಓದಲು, ಕೆಲವರು ಶುಶ್ರೂಷೆಗೆ, ಕೆಲವರು ಪಾಠ ಹೇಳಲು. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತಿದವರಿಗೆ ಕೋಶದಲ್ಲಿ ಇಲ್ಲದ ಪ್ರಶ್ನೆಗಳೂ ಎದುರಾಗುತ್ತವೆ. ಆದ್ದರಿಂದ ಈ ವಾರ ಆ ಸೋದರಿಯ ಪ್ರಶ್ನೆಯನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

ನಾನೇ ಎಡವಿದ ಕಥೆ

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹಿರಿಯರ ಅಪ್ಪಣೆಯಂತೆ ನಾನೂ ಮೂರು ವರ್ಷ ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿದ್ದೆ. ಅಲ್ಲಿಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ದೃಢೀಕರಣದ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳಿಗೆ ಪಾಠ ಹೇಳುವ ಹೊಣೆ ನನ್ನದಾಗಿತ್ತು. ಪರಮಪ್ರಸಾದದ ಮಹೋತ್ಸವದ ದಿನ ಹೊಲಗಳ ನಡುವೆ ಮೆರವಣಿಗೆ. ವಾದ್ಯ, ಹೂವು, ಬಾವುಟ, ನಾಲ್ಕು ದಿಕ್ಕಿಗೂ ಆಶೀರ್ವಾದ. ಕಣ್ಣು ತುಂಬುವ ಭಕ್ತಿ! ಮೆರವಣಿಗೆ ಮುಗಿದದ್ದೇ ತಡ, ದೇವಾಲಯದ ಅಂಗಳದಲ್ಲಿ ಬೆಂಚು ಮೇಜು ಹಾಕಿ ಇಡೀ ಊರು ಊಟಕ್ಕೆ ಕುಳಿತುಕೊಂಡಿತು. ಊಟದ ಜೊತೆ ಬಿಯರ್. ಅರ್ಧ ಗಂಟೆಯ ಹಿಂದೆ ಧೂಪದ ಪಾತ್ರೆ ಹಿಡಿದಿದ್ದ ಹದಿನಾರರ ಹುಡುಗನ ಮುಂದೆಯೂ ಒಂದು ಲೋಟ.

ನಾನು ತಡೆಯಲಾರದೆ ಎಲ್ಲರ ಮುಂದೆಯೇ ಅವನನ್ನು ಗದರಿಸಿಬಿಟ್ಟೆ. ಹುಡುಗ ಕೆಂಪಾದ. ಅವನ ತಂದೆ ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಶಾಂತವಾಗಿ ಹೇಳಿದರು: ಇದು ಒಂದೇ ಲೋಟ, ಊಟದ ಜೊತೆ, ನನ್ನ ಕಣ್ಣೆದುರಿಗೆ. ಇವತ್ತು ಇವನು ಮೊಪೆಡ್ ಮುಟ್ಟುವುದಿಲ್ಲ, ಕೀಲಿ ನನ್ನ ಜೇಬಿನಲ್ಲಿದೆ. ಆ ದೇಶದಲ್ಲಿ 2007ರಿಂದ ಇಪ್ಪತ್ತೊಂದು ವರ್ಷ ತುಂಬದ ಚಾಲಕರು, ಹೊಸದಾಗಿ ಪರವಾನಗಿ ಪಡೆದವರು ಕುಡಿದು ವಾಹನ ನಡೆಸುವಂತೆಯೇ ಇಲ್ಲ. ದೊಡ್ಡವರಿಗೆ ಇರುವ ಅಲ್ಪ ರಿಯಾಯಿತಿಯೂ ಅವರಿಗೆ ಇಲ್ಲ.

ಮುಂದಿನ ವಾರ ತರಗತಿಯಲ್ಲಿ ಆ ಹುಡುಗ ಕೈ ಎತ್ತಿದ. "ಫಾದರ್, ನಿಮ್ಮ ಊರಿನಲ್ಲಿ ಮಕ್ಕಳು ಬಿಯರ್ ಮುಟ್ಟುವುದಿಲ್ಲ, ಒಪ್ಪಿದೆ. ದೊಡ್ಡವರು ಹೇಗೆ ಕುಡಿಯುತ್ತಾರೆ?" ಎಂದು ಕೇಳಿದ. ಅವನು ಕುಚೋದ್ಯಕ್ಕೆ ಕೇಳಲಿಲ್ಲ, ತಿಳಿಯಲು ಕೇಳಿದ.

ನನಗೆ ಉತ್ತರ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ನನ್ನ ದೊಡ್ಡಪ್ಪ. ನನಗಾಗ ಒಂಬತ್ತೋ ಹತ್ತೋ ವರ್ಷ. ಸಂಜೆ ಗದ್ದೆಯಿಂದ ಬಂದವರೇ ನನ್ನ ಅಂಗೈಯಲ್ಲಿ ಹಣ ಇಟ್ಟು ಸಾರಾಯಿ ಅಂಗಡಿಗೆ ಓಡಿಸುತ್ತಿದ್ದರು. ಪ್ಯಾಕೆಟ್ಟನ್ನು ಚಡ್ಡಿಯ ಜೇಬಿನಲ್ಲಿ ಬಚ್ಚಿಟ್ಟು ತರಬೇಕು. ಉಳಿದ ಚಿಲ್ಲರೆ ನನಗೆ, ಪೆಪ್ಪರಮಿಂಟಿಗೆ. ಅಂಗಡಿಯವನು ನನ್ನ ವಯಸ್ಸು ಕೇಳಿದ್ದು ನೆನಪಿಲ್ಲ. ಊರಿನಲ್ಲಿ ಯಾರೂ ಅದನ್ನು ತಪ್ಪೆನ್ನಲಿಲ್ಲ, ಏಕೆಂದರೆ ಮಗು ಕುಡಿಯುತ್ತಿರಲಿಲ್ಲವಲ್ಲ! ದೊಡ್ಡಪ್ಪ ನಲವತ್ತಾರಕ್ಕೆ ಹೊಟ್ಟೆ ಊದಿ ತೀರಿಕೊಂಡರು. ಅವರ ಮಗ, ನನ್ನ ಜೊತೆ ಆಡಿ ಬೆಳೆದವನು, ಹದಿನೈದಕ್ಕೆ ಶುರು ಮಾಡಿದ್ದನ್ನು ಇಂದಿಗೂ ಬಿಡಲಾಗಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಮ್ಮ ಮನೆತನದಲ್ಲಿ ಕುಡಿತ ನಿಲ್ಲಲಿಲ್ಲ.

ಲೋಟ ಹಿಡಿದ ಹುಡುಗನನ್ನು ಕಂಡು ನಾನು ಗದರಿದೆ. ಪ್ಯಾಕೆಟ್ ತರಲು ಮಗುವನ್ನು ಓಡಿಸಿದ ದೊಡ್ಡವರನ್ನು ಗದರಲು ನಮ್ಮ ಊರಿನಲ್ಲಿ ಯಾರೂ ಇರಲಿಲ್ಲ. ಹೊರದೇಶದಲ್ಲಿ ಪಾಠ ಹೇಳಲು ಹೋದ ನಾನು ಕಲಿತ ಮೊದಲ ಪಾಠ ಇದೇ.

ಮೇಷ್ಟ್ರು ಕಂಡ ಇಥಿಯೋಪಿಯಾ

ಹೊರದೇಶದಲ್ಲಿ ಪಾಠ ಹೇಳುವುದು ನಮ್ಮವರಿಗೆ ಹೊಸದೇನಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ಭಾರತದ ಬಹುಮಂದಿ ಶಿಕ್ಷಕರು ಇಥಿಯೋಪಿಯಾದ ಶಾಲೆಗಳಲ್ಲಿ ದುಡಿದಿದ್ದಾರೆ. ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿ ವಿಜ್ಞಾನ ಕಲಿಸಿದವರು. ಸಂತರ ಹಬ್ಬದ ದಿನ ವಿದ್ಯಾರ್ಥಿಯ ಮನೆಗೆ ಊಟಕ್ಕೆ ಹೋದರೆ ತಾಯಂದಿರು ಮನೆಯಲ್ಲೇ ಮಾಡಿದ 'ತೆಲ್ಲಾ' ಎಂಬ ಪಾನೀಯ ಬಡಿಸುತ್ತಿದ್ದರಂತೆ. ಬಾರ್ಲಿಯಂಥ ಧಾನ್ಯವನ್ನು 'ಗೆಶೋ' ಎಂಬ ಎಲೆಯೊಂದಿಗೆ ಹುಳಿ ಬರಿಸಿ ಮಾಡುವ ಬಿಯರ್ ಅದು. ಎಂಟು ವರ್ಷದ ಮಗುವಿಗೂ ಸಣ್ಣ ಲೋಟದಲ್ಲಿ ಸಿಗುತ್ತಿತ್ತು. ಮೇಷ್ಟ್ರು ಬೆಚ್ಚಿಬಿದ್ದರು. ಆದರೆ ಅದೇ ಮನೆಯವರು ವರ್ಷದಲ್ಲಿ ಎಷ್ಟೋ ತಿಂಗಳು ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಮಾಡುವುದನ್ನೂ ಕಂಡರು. "ನಾನು ಯಾರನ್ನು ಯಾವ ಬಾಯಲ್ಲಿ ಹಳಿಯಲಿ ಫಾದರ್?" ಎಂದು ಅವರು ನಗುತ್ತಾ ಕೇಳುತ್ತಾರೆ.

ಆ ದೇಶವೂ ಹಾಗೆಯೇ ಉಳಿಯಲಿಲ್ಲ ಎಂಬುದನ್ನು ಗಮನಿಸಿ. 2019ರಲ್ಲಿ ಇಥಿಯೋಪಿಯಾದ ಸಂಸತ್ತು 21 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ನಿಷೇಧಿಸಿತು. ರೇಡಿಯೋ, ಟೆಲಿವಿಷನ್ ಜಾಹೀರಾತುಗಳನ್ನೂ ನಿಲ್ಲಿಸಿತು. ಪದ್ಧತಿ ಎಂಬುದು ಕಲ್ಲಿನಲ್ಲಿ ಕೊರೆದದ್ದಲ್ಲ. ಅನುಭವದಿಂದ ಜನ ಅದನ್ನು ತಿದ್ದಿಕೊಳ್ಳುತ್ತಾರೆ.

ಕಾನೂನು ಏನೆನ್ನುತ್ತದೆ?

ದೇಶದಿಂದ ದೇಶಕ್ಕೆ ವಯಸ್ಸು ಬೇರೆ. ಜರ್ಮನಿಯಲ್ಲಿ ಬಿಯರ್, ವೈನ್ 16ಕ್ಕೆ. ಬ್ರಾಂದಿ, ವಿಸ್ಕಿಯಂಥ ಗಡಸು ಮದ್ಯ 18ಕ್ಕೆ. ತಂದೆತಾಯಿ ಜೊತೆಗಿದ್ದರೆ 14ಕ್ಕೇ ಬಿಯರ್ ಕೊಡಬಹುದೆಂಬ ವಿನಾಯಿತಿಯೂ ಅಲ್ಲಿ ಬಹುಕಾಲದಿಂದ ಇದ್ದದ್ದು. ಅದನ್ನು ತೆಗೆದುಹಾಕಬೇಕೆಂದು 2025ರಲ್ಲಿ ಅಲ್ಲಿನ ರಾಜ್ಯಗಳ ಆರೋಗ್ಯ ಸಚಿವರೇ ಒತ್ತಾಯಿಸಿದರು. ಫ್ರಾನ್ಸ್ 2009ರಲ್ಲಿ, ಇಟಲಿ 2012ರಲ್ಲಿ 16ರಿಂದ 18ಕ್ಕೆ ಏರಿಸಿದವು. ಜಪಾನಿನಲ್ಲಿ 2022ರಲ್ಲಿ ಪ್ರಾಪ್ತ ವಯಸ್ಸನ್ನು 18ಕ್ಕೆ ಇಳಿಸಿದರೂ ಕುಡಿಯುವ ವಯಸ್ಸನ್ನು 20ರಲ್ಲೇ ಉಳಿಸಿಕೊಂಡರು. ಅಮೆರಿಕದಲ್ಲಿ 1984ರ ಕಾಯಿದೆಯ ನಂತರ ಎಲ್ಲ ರಾಜ್ಯಗಳಲ್ಲೂ 21.

ನಮ್ಮಲ್ಲಿ? 1965ರ ಕರ್ನಾಟಕ ಅಬಕಾರಿ ಕಾಯಿದೆ 18 ಎನ್ನುತ್ತದೆ. 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡನ್ನು ಸರ್ಕಾರ ಹೊರಡಿಸಿತು. ಜನರಿಂದ ಆಕ್ಷೇಪಣೆಗಳು ಬಂದವು, ಅದೇ ತಿಂಗಳು ಸರ್ಕಾರ ಅದನ್ನು ಕೈಬಿಟ್ಟಿತು. ಇನ್ನೊಂದು ಕಾನೂನು ನಮ್ಮಲ್ಲಿ ಹಲವರಿಗೆ ಗೊತ್ತೇ ಇಲ್ಲ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ 18 ತುಂಬದ ಮಗುವಿಗೆ ಮದ್ಯ ಕೊಡುವುದು ಅಪರಾಧ. ಏಳು ವರ್ಷದವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. 78ನೆಯ ಕಲಮು ಮಗುವಿನ ಕೈಯಲ್ಲಿ ಮದ್ಯ ಮಾರಿಸುವುದು, ಹೊರಿಸುವುದು, ತರಿಸುವುದಕ್ಕೂ ಅಷ್ಟೇ ಶಿಕ್ಷೆ ಇಟ್ಟಿದೆ. ನನ್ನ ದೊಡ್ಡಪ್ಪನ ಕಾಲದಲ್ಲಿ ಈ ಕಾಯಿದೆ ಇರಲಿಲ್ಲ. ಇಂದು ಇದೆ. ಆದರೂ ಮಗುವನ್ನು ಅಂಗಡಿಗೆ ಅಟ್ಟುವ ತಂದೆಯರು ಇಂದೂ ಇದ್ದಾರೆ.

ಶ್ರೀಗ್ರಂಥದ ಬೆಳಕಿನಲ್ಲಿ

ಕಾನೂನು ಗಡಿ ದಾಟಿದರೆ ಬದಲಾಗುತ್ತದೆ. ಗಡಿ ದಾಟಿದರೂ ಬದಲಾಗದ್ದು ಯಾವುದು? ಮೂರು ಭಾಗಗಳನ್ನು ಓದಿ ಧ್ಯಾನಿಸೋಣ.

ಮೊದಲನೆಯದು ಕಾನಾ ಊರಿನ ಮದುವೆ (ಯೊವಾನ್ನ 2). ಯೇಸುಸ್ವಾಮಿಯ ಮೊದಲ ಸೂಚಕಕಾರ್ಯ ನಡೆದದ್ದು ದ್ರಾಕ್ಷಾರಸದಲ್ಲಿ, ಅದೂ ಆರು ಕಲ್ಲುಬಾನಿಗಳಷ್ಟು. ಬಲಿಪೂಜೆಗೆ ದ್ರಾಕ್ಷಿಯ ಶುದ್ಧ ರಸವೇ ಆಗಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಆದ್ದರಿಂದ ದ್ರಾಕ್ಷಾರಸವೇ ಪಾಪ ಎಂದು ಕಥೋಲಿಕರು ಹೇಳಲಾರರು. ದೇವರು ಸೃಷ್ಟಿಸಿದ್ದು ಒಳ್ಳೆಯದು. ಪ್ರಶ್ನೆ ವಸ್ತುವಿನದಲ್ಲ, ಬಳಕೆಯದು.

ಎರಡನೆಯದು ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ. ಇದು ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ್ದು. ದಾನಿಯೇಲ ಮತ್ತು ಅವನ ಮೂವರು ಗೆಳೆಯರು ಎಳೆಯ ವಯಸ್ಸಿನಲ್ಲಿ ಪರದೇಶಕ್ಕೆ ಒಯ್ಯಲ್ಪಟ್ಟವರು. ಆ ದೇಶದ ಭಾಷೆ, ಸಾಹಿತ್ಯ ಕಲಿಸಲು ಅವರನ್ನು ಅರಮನೆಯ ಶಾಲೆಗೆ ಸೇರಿಸಲಾಯಿತು. ಅರಸನ ಊಟ, ಅರಸನ ದ್ರಾಕ್ಷಾರಸ ನಿತ್ಯ ಅವರ ಮುಂದೆ ಬರುತ್ತಿತ್ತು. ದಾನಿಯೇಲ ಏನು ಮಾಡಿದ? ಪಾಠವನ್ನು ಸಂತೋಷದಿಂದ ಕಲಿತ. ಪರದೇಶದ ಹೆಸರನ್ನೂ ಹೊತ್ತುಕೊಂಡ. ಊಟದ ವಿಷಯದಲ್ಲಿ ಮಾತ್ರ ತನ್ನ ಮನಸ್ಸಾಕ್ಷಿಯನ್ನು ಬಿಡಲಿಲ್ಲ. ಅದಕ್ಕಾಗಿ ಮೇಜು ಉರುಳಿಸಲಿಲ್ಲ, ಬಾಬಿಲೋನಿನವರನ್ನು ಬಯ್ಯಲಿಲ್ಲ. ಮೇಲ್ವಿಚಾರಕನ ಬಳಿ ಹೋಗಿ ವಿನಯದಿಂದ ಕೇಳಿಕೊಂಡ: ಹತ್ತು ದಿನ ಕಾಳು, ನೀರು ಕೊಟ್ಟು ಪರೀಕ್ಷಿಸಿ ನೋಡಿ ಎಂದ. ಮೇಲ್ವಿಚಾರಕನಿಗೆ ಅರಸನ ಭಯವಿತ್ತು. ದಾನಿಯೇಲ ಆ ಭಯವನ್ನೂ ಅರ್ಥ ಮಾಡಿಕೊಂಡೇ ಮಾತಾಡಿದ. ನಾನು ಹಬ್ಬದ ಅಂಗಳದಲ್ಲಿ ಮಾಡಲಾಗದೆ ಹೋದದ್ದು ಇದೇ.

ಮೂರನೆಯದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯ. ನನಗೆ ಸ್ವಾತಂತ್ರ್ಯವಿರುವ ವಿಷಯದಲ್ಲೂ ನನ್ನ ನಡತೆ ಬಲಹೀನ ಸೋದರನನ್ನು ಬೀಳಿಸಬಾರದು ಎಂಬುದು ಅವರ ಬೋಧನೆಯ ಸಾರ. ನಮ್ಮ ನಡುವಿನ ಬಲಹೀನ ಸೋದರ ಯಾರು? ಇನ್ನೂ ಬುದ್ಧಿ ಬಲಿಯದ ಮಗು. ಎಳೆಯರನ್ನು ಎಡವಿಸುವವರ ಬಗ್ಗೆ ಯೇಸುಸ್ವಾಮಿ ಬೀಸುವಕಲ್ಲಿನ ಮಾತನ್ನು ಆಡಿದ್ದು ನಿಮಗೆ ನೆನಪಿರಬಹುದು (ಮತ್ತಾಯ 18). ಪರರನ್ನು ಎಡವಿಸುವ ಪಾಪವು ತಂದೆತಾಯಿ, ಬೋಧಕರಂಥವರಿಂದ ಆದಾಗ ಇನ್ನೂ ಗಂಭೀರ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (2285) ತಿಳಿಸುತ್ತದೆ.

ಜಟ್ಟಿಯ ಊಟ, ಮಗುವಿನ ಊಟ

"ಮಿತವಾಗಿದ್ದರೆ ತಪ್ಪೇನು ಫಾದರ್?" ಎಂದು ಕೆಲವರು ಕೇಳುತ್ತಾರೆ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ಉದಾಹರಣೆ ಕಲಿತಿದ್ದೆ. ಮಿಲೋ ಎಂಬ ಜಟ್ಟಿಗೆ ಸಾಲದ ಊಟ ಈಗತಾನೇ ಗರಡಿಗೆ ಬಂದ ಹುಡುಗನಿಗೆ ವಿಪರೀತವಾಗುತ್ತದೆ. ಮಿತ ಎನ್ನುವುದು ಎಲ್ಲರಿಗೂ ಒಂದೇ ಸೇರು, ಒಂದೇ ಪಾವು ಅಲ್ಲ. ಆಯಾ ವ್ಯಕ್ತಿಗೆ ತಕ್ಕದ್ದು. ಹಾಗಾದರೆ ಬೆಳೆಯುತ್ತಿರುವ ಮಗುವಿಗೆ ಮದ್ಯದ ಮಿತ ಎಷ್ಟು? ಏನೂ ಇಲ್ಲದಿರುವುದೇ ಅದರ ಮಿತ. ಸಂತ ತೋಮಸ್ ಅಕ್ವಿನಾಸರು ಕುಡಿಯುವುದರಲ್ಲಿನ ಸಂಯಮ ಯಾರಿಗೆ ಹೆಚ್ಚು ಅಗತ್ಯ ಎಂದು ಕೇಳಿಕೊಂಡು, ಯುವಜನರನ್ನೂ ಹಿರಿಯರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಯುವಜನರಿಗೆ, ವಯಸ್ಸಿನ ಬಿಸಿ ಇರುವುದರಿಂದ. ಹಿರಿಯರಿಗೆ, ಅವರು ಇತರರಿಗೆ ಬೋಧಿಸಬೇಕಾದ್ದರಿಂದ. ಮಕ್ಕಳಿಗೆ ಮಾತ್ರ ನೀತಿ ಹೇಳಿ ನಾವು ಜಾರಿಕೊಳ್ಳುವಂತಿಲ್ಲ.

ಸಂತ ಮೋನಿಕಮ್ಮನವರ ಬಾಲ್ಯ

ಸಂತ ಮೋನಿಕಮ್ಮನವರನ್ನು ಕಣ್ಣೀರಿನ ತಾಯಿ ಎಂದು ನಾವೆಲ್ಲ ಬಲ್ಲೆವು. ಅವರು ಬಾಲಕಿಯಾಗಿದ್ದಾಗ ಕಳ್ಳತನದಿಂದ ದ್ರಾಕ್ಷಾರಸ ಕುಡಿಯುತ್ತಿದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಅವರ ಮಗ ಸಂತ ಅಗಸ್ಟೀನರೇ ತಮ್ಮ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾರೆ. ತಂದೆತಾಯಿ ಪೀಪಾಯಿಯಿಂದ ದ್ರಾಕ್ಷಾರಸ ತರಲು ಈ ಹುಡುಗಿಯನ್ನು ಕಳಿಸುತ್ತಿದ್ದರು. ಮೊದಮೊದಲು ತುಂಟತನಕ್ಕೆ ತುಟಿ ತಾಗಿಸಿದಳು. ದಿನಕ್ಕೊಂದು ಗುಟುಕು ಹೆಚ್ಚಾಗಿ ಕೊನೆಗೆ ಬಟ್ಟಲನ್ನೇ ಬರಿದು ಮಾಡುವ ಚಟವಾಯಿತು. ಒಂದು ದಿನ ಜೊತೆಯಲ್ಲಿದ್ದ ದಾಸಿ ಜಗಳದಲ್ಲಿ ಕುಡುಕಿ ಎಂದು ಮೂದಲಿಸಿದಳು. ಆ ಮಾತು ನಾಟಿ ಮೋನಿಕಾ ಅಂದೇ ಬಿಟ್ಟರು.

ಇಲ್ಲಿ ಎರಡು ಪಾಠಗಳಿವೆ. ಸಂತರಾಗಬೇಕಾದ ಮಗುವೂ ಜಾರಬಹುದು. ಆದ್ದರಿಂದ ನಮ್ಮ ಮಗು ಹಾಗಲ್ಲ ಎಂದು ಯಾರೂ ಎದೆ ತಟ್ಟಿಕೊಳ್ಳಬೇಡಿ. ಎರಡನೆಯದಾಗಿ, ಪೀಪಾಯಿಯ ಬಳಿಗೆ ಮಗುವನ್ನು ಕಳಿಸಿದ್ದು ಸಜ್ಜನರಾದ ತಂದೆತಾಯಿಯೇ. ಡಬ್ಲಿನ್ ನಗರದ ಪೂಜ್ಯ ಮ್ಯಾಟ್ ಟಾಲ್ಬೋಟರ ಕಥೆಯೂ ಅಂಥದ್ದೇ. ಹನ್ನೆರಡನೆಯ ವಯಸ್ಸಿನಲ್ಲಿ ಮದ್ಯ ತುಂಬುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಅಲ್ಲಿಯೇ ಕುಡಿತ ಕಲಿತ. 28ನೆಯ ವಯಸ್ಸಿನಲ್ಲಿ, 1884ರಲ್ಲಿ, ಪ್ರತಿಜ್ಞೆ ಮಾಡಿ ಬಿಟ್ಟರು. ಮುಂದಿನ 41 ವರ್ಷ ಪ್ರಾರ್ಥನೆ, ಕೂಲಿ ಕೆಲಸಗಳಲ್ಲಿ ಬಾಳಿ, 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲೇ ಪ್ರಾಣ ಬಿಟ್ಟರು. ಬಿದ್ದವರಿಗೂ ಏಳುವ ದಾರಿ ಇದೆ ಎಂಬುದಕ್ಕೆ ಅವರು ಸಾಕ್ಷಿ.

ಮನೆಯಲ್ಲೇ ರುಚಿ ತೋರಿಸಿದರೆ ಒಳ್ಳೆಯದಲ್ಲವೇ?

ಯೂರೋಪಿನ ತಂದೆತಾಯಿಯರ ವಾದ ಇದು: ಮನೆಯಲ್ಲಿ, ಊಟದ ಜೊತೆ, ನಮ್ಮ ಮುಂದೆ ಕಲಿತರೆ ಹೊರಗೆ ಹೋಗಿ ಕೆಡುವುದಿಲ್ಲ. ಈ ವಾದದಲ್ಲಿ ತಿರುಳಿದೆ. ಊಟದ ಮೇಜಿನಲ್ಲಿ ಹಿರಿಯರ ಕಣ್ಣೆದುರಿಗೆ ಕುಡಿಯುವ ಪದ್ಧತಿಗೂ, ಬಾರಿನ ಕತ್ತಲೆಯಲ್ಲಿ ನಿಂತೇ ಒಂದೇ ಉಸಿರಿಗೆ ಸುರಿದುಕೊಳ್ಳುವ ನಮ್ಮ ಪದ್ಧತಿಗೂ ಅಜಗಜಾಂತರ. ಅಲ್ಲಿ ಮದ್ಯ ಊಟದ ಒಂದು ಭಾಗ. ನಮ್ಮಲ್ಲಿ ಅದು ಅಮಲಿಗಾಗಿಯೇ. ಇದನ್ನು ಒಪ್ಪಬೇಕು.

ಆದರೆ ವೈದ್ಯರ ಮಾತನ್ನೂ ಕೇಳಬೇಕು. ಮೆದುಳಿನ ಬೆಳವಣಿಗೆ ಇಪ್ಪತ್ತು ದಾಟಿದ ಮೇಲೂ ನಡೆಯುತ್ತಿರುತ್ತದೆ. ವಿವೇಚನೆಯ, ತಡೆದುಕೊಳ್ಳುವ ಭಾಗ ಕೊನೆಗೆ ಬಲಿಯುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, 15ಕ್ಕೆ ಮೊದಲು ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಜೀವನದಲ್ಲಿ ಯಾವಾಗಲಾದರೂ ಮದ್ಯದ ದಾಸರಾಗಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು 10 ಮಂದಿ. ಬೇಗ ಶುರು ಮಾಡುವ ಮಕ್ಕಳ ಮನೆಯಲ್ಲಿ ಬೇರೆ ಕಷ್ಟಗಳೂ ಇರುತ್ತವೆ, ಆದ್ದರಿಂದ ವಯಸ್ಸೊಂದೇ ಕಾರಣ ಎನ್ನಲಾಗದು. ಆದರೂ ಎಚ್ಚರಿಕೆಗೆ ಅಷ್ಟು ಸಾಕು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಇನ್ನು ಐಸ್‌ಲ್ಯಾಂಡ್ ದೇಶದ ಕಥೆ. 1998ರಲ್ಲಿ ಅಲ್ಲಿಯ 15-16ರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು. 2016ರ ಹೊತ್ತಿಗೆ ಅದು ನೂರಕ್ಕೆ 5ಕ್ಕೆ ಇಳಿಯಿತು. ಹೇಗೆ? ಭಾಷಣದಿಂದಲ್ಲ. ಮದ್ಯ ಕೊಳ್ಳುವ ವಯಸ್ಸನ್ನು 20ರಲ್ಲಿ ಬಿಗಿಯಾಗಿ ಹಿಡಿದರು. ಜಾಹೀರಾತು ತಡೆದರು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಒಂಟಿಯಾಗಿ ಹೊರಗಿರಬಾರದೆಂದು ನಿಯಮ ಮಾಡಿದರು. ಆಟ, ಸಂಗೀತ, ನೃತ್ಯದ ತರಗತಿಗಳಿಗೆ ಹಣ ಒದಗಿಸಿದರು. ಎಲ್ಲಕ್ಕಿಂತ ಮಿಗಿಲಾಗಿ ತಂದೆತಾಯಿಯರು ಒಟ್ಟಾಗಿ ಒಪ್ಪಂದ ಮಾಡಿಕೊಂಡು ಮಕ್ಕಳೊಂದಿಗೆ ಹೆಚ್ಚು ಹೊತ್ತು ಕಳೆದರು. ಮಕ್ಕಳಿಗೆ ಬೇಕಾದದ್ದು ಲೋಟದ ಪರಿಚಯವಲ್ಲ, ತಂದೆತಾಯಿಯ ಸಮಯ.

ನಮ್ಮ ಮನೆಯ ಬಾಗಿಲಿಗೆ ಬರೋಣ

ಜರ್ಮನಿ, ಇಥಿಯೋಪಿಯಾ ಆಯಿತು. ಈಗ ಮಾಗಡಿ ರಸ್ತೆಗೆ ಬನ್ನಿ. ನಮ್ಮಲ್ಲಿ ಹೆಚ್ಚಿನವರು ಕಾರ್ಖಾನೆ, ಗಾರ್ಮೆಂಟ್ಸ್, ಕಟ್ಟಡದ ಕೆಲಸ ನಂಬಿ ಬಂದವರು. ಸಂಬಳದ ದಿನ ಸಂಜೆ ತಂದೆ ಯಾವ ದಾರಿಯಲ್ಲಿ ಮನೆಗೆ ಬರುತ್ತಾನೆ ಎಂಬುದನ್ನು ಮಗು ನೋಡುತ್ತದೆ. ಅದೇ ಅದರ ಮೊದಲ ಪಾಠ.

ಕ್ರಿಸ್ಮಸ್ಸಿಗೆ ಮನೆಯಲ್ಲಿ ವೈನ್ ಮಾಡುವುದು ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳ ರೂಢಿ. ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಈಸ್ಟ್, ದೊಡ್ಡ ಜಾಡಿ. ದಿನವೂ ಮರದ ಸೌಟಿನಿಂದ ತಿರುವುವುದು ಮಕ್ಕಳ ಕೆಲಸ. ಹಬ್ಬದ ದಿನ ಒಂದು ಗುಟುಕು ಅವರಿಗೂ. ಇದು ಬರೀ ಜ್ಯೂಸು ಎನ್ನುತ್ತೇವೆ. ಜ್ಯೂಸಲ್ಲ. ಸಕ್ಕರೆ, ಈಸ್ಟ್ ಸೇರಿ ವಾರಗಟ್ಟಲೆ ಹುಳಿತದ್ದು ಬಿಯರಿಗಿಂತ ಗಡುಸಾಗಬಹುದು. ಅಳೆದು ನೋಡಿದವರು ಯಾರು?

ಮದುವೆಯಲ್ಲಿ ಟೋಸ್ಟ್ ಎಂದು ಲೋಟ ಎತ್ತುವಾಗ ವೇದಿಕೆಯ ಮೇಲಿನ ಪುಟಾಣಿಗಳ ಕೈಯಲ್ಲೂ ಒಂದು ಲೋಟ ಇಟ್ಟು ಫೋಟೋ ತೆಗೆಸುತ್ತೇವೆ. ಕೂಸಿಗೆ ನೆಗಡಿಯಾದರೆ ಎರಡು ತೊಟ್ಟು ಬ್ರಾಂದಿ ಎಂಬ ಅಜ್ಜಿಯ ಮದ್ದು ಇನ್ನೂ ಸತ್ತಿಲ್ಲ. ಅದರಿಂದ ನೆಗಡಿ ಹೋಗುವುದಿಲ್ಲ, ಕೂಸಿಗೆ ಅಪಾಯವಾಗಬಹುದು. ಸಾವಿನ ಮನೆಯಲ್ಲಿ, ತಿಥಿಯ ದಿನ ಹಿಂಬಾಗಿಲಲ್ಲಿ ಬಾಟಲಿ ಬರುತ್ತದೆ. ಸೋಡಾ ತರಲು ಓಡುವವನು ಹತ್ತನೆಯ ತರಗತಿಯ ಹುಡುಗ. ಇಷ್ಟೆಲ್ಲ ಮಾಡಿ, ಜರ್ಮನಿಯವರಿಗೆ ಮರ್ಯಾದೆ ಇಲ್ಲ ಎನ್ನುತ್ತೇವೆ! ಅವರು ಬಹಿರಂಗದಲ್ಲಿ ಕೊಡುವುದನ್ನು ನಾವು ಗುಟ್ಟಿನಲ್ಲಿ ಕಲಿಸುತ್ತೇವೆ. ಗುಟ್ಟಿನಲ್ಲಿ ಕಲಿತದ್ದಕ್ಕೆ ಕಡಿವಾಣವಿಲ್ಲ.

ಶಿಕ್ಷಕಿಗೆ ನಾನು ಕೊಟ್ಟ ಉತ್ತರ

"ನೋಡಮ್ಮ, ದೇವರು ಒಬ್ಬನೇ. ಅಮಲಿಗೆ ಬೀಳುವುದು, ಎಳೆಯರನ್ನು ಬೀಳಿಸುವುದು ಎರಡೂ ಕಡೆಯೂ ಪಾಪವೇ. ಆದರೆ ಯಾವ ವಯಸ್ಸಿಗೆ, ಯಾರ ಮುಂದೆ, ಎಷ್ಟು ಎಂಬ ಬೇಲಿಯನ್ನು ಒಂದೊಂದು ಜನ ಒಂದೊಂದು ಕಡೆ ಹಾಕಿಕೊಂಡಿದ್ದಾರೆ. ಬೇಲಿ ಬೇರೆ ಕಡೆ ಇದೆ ಎಂದ ಮಾತ್ರಕ್ಕೆ ಅವರು ತೋಟ ಕಾಯುತ್ತಿಲ್ಲ ಎಂದಲ್ಲ" ಎಂದೆ.

ಮತ್ತೆ ಹೀಗೆ ಹೇಳಿದೆ. ಆ ಮಕ್ಕಳು ಅಲ್ಲಿಯ ಕಾನೂನನ್ನು ಮುರಿಯಲಿಲ್ಲ, ಆದ್ದರಿಂದ ಅವರನ್ನು ಪಾಪಿಗಳೆಂದು ಎಣಿಸಬೇಡಿ. ಆದರೆ ಪ್ರವಾಸದಲ್ಲಿ ಅವರ ಮೇಲ್ವಿಚಾರಣೆ ನಿಮ್ಮ ಹೊಣೆ. ಕಾನೂನು ಬಿಟ್ಟದ್ದನ್ನು ಶಾಲೆಯ ನಿಯಮ ತಡೆಯಬಹುದು. ಮುಂದಿನ ಸಲ ಹೊರಡುವ ಮುನ್ನವೇ ಮುಖ್ಯೋಪಾಧ್ಯಾಯರನ್ನು ಕೇಳಿ, ನಿಯಮವನ್ನು ತಂದೆತಾಯಿಯರಿಗೆ ಬರೆದು ತಿಳಿಸಿ. ನೀವು ಮಾತ್ರ ಲೋಟ ಮುಟ್ಟಬೇಡಿ. ಯಾಕೆ ಎಂದು ಮಕ್ಕಳು ಕೇಳಿದರೆ ನಿಮ್ಮ ನಾಡಿನ ಕಥೆ ಹೇಳಿ, ಉಪದೇಶವಾಗಿ ಅಲ್ಲ, ನೋವಾಗಿ. ದಾನಿಯೇಲನಂತೆ ಮೊದಲು ಮೇಲ್ವಿಚಾರಕನ ಬಳಿ ವಿನಯದಿಂದ ಮಾತಾಡಿ. ಎಲ್ಲರ ಮುಂದೆ ಹುಡುಗನನ್ನು ನಾಚಿಸಬೇಡಿ. ನಾನು ಹಾಗೆ ಮಾಡಿ ಒಂದು ವರ್ಷದ ಪಾಠ ಕಳೆದುಕೊಂಡೆ.

ನಾವು ಮಾಡಬಹುದಾದದ್ದು

1. ಕ್ರಿಸ್ಮಸ್ಸಿಗೆ ವೈನ್ ಬೇಕೆನ್ನುವವರು ಈಸ್ಟ್ ಹಾಕುವ ಮುನ್ನ ಮಕ್ಕಳ ಪಾಲಿನ ದ್ರಾಕ್ಷಿಯನ್ನು ತೆಗೆದಿಡಿ. ಹಬ್ಬದ ಹಿಂದಿನ ದಿನ ಹೊಸ ದ್ರಾಕ್ಷಿ ಬೇಯಿಸಿ, ಸೋಸಿ, ತಣಿಸಿ ಕೊಟ್ಟರೆ ಇನ್ನೂ ಚೆನ್ನ. ಬಣ್ಣ ಅದೇ, ಸಂತೋಷ ಅದೇ.

2. ಮಗುವನ್ನು ಯಾವ ಕಾರಣಕ್ಕೂ ಮದ್ಯದಂಗಡಿಗೆ ಕಳಿಸಬೇಡಿ. ಬಾಟಲಿ, ಸೋಡಾ, ಲೋಟ, ಯಾವುದೂ ಮಗುವಿನ ಕೈಯಲ್ಲಿ ಬರಬಾರದು.

3. "ನೀವು ಪೂಜೆಯಲ್ಲಿ ಕುಡಿಯುತ್ತೀರಲ್ಲ ಫಾದರ್?" ಎಂದು ಮಕ್ಕಳು ಕೇಳುತ್ತಾರೆ. ಗದರಬೇಡಿ. ಅದು ಅಮಲಿನ ಪಾನೀಯವಲ್ಲ, ಕ್ರಿಸ್ತರ ರಕ್ತ. ಅದಕ್ಕೆ ಬಳಸುವ ರಸ ಒಂದೆರಡು ಗುಟುಕಷ್ಟೇ ಎಂದು ತಿಳಿಸಿ ಹೇಳಿ.

4. ಐರ್ಲೆಂಡಿನಲ್ಲಿ ದೃಢೀಕರಣ ಪಡೆಯುವ ಮಕ್ಕಳು 18 ತುಂಬುವವರೆಗೆ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡುವ ರೂಢಿ ಬೆಳೆದು ಬಂದಿದೆ. ಕುಡಿತಕ್ಕೆ ಹೆಸರಾದ ನಾಡಿನಲ್ಲೇ ಹುಟ್ಟಿದ ಪದ್ಧತಿ ಅದು. ನಮ್ಮಲ್ಲಿಯೂ 21ರವರೆಗೆ ಅಂಥ ಪ್ರತಿಜ್ಞೆ ಸಾಧ್ಯ. ಒಂದೇ ಷರತ್ತು: ಮಗುವಿನ ಪಕ್ಕದಲ್ಲಿ ತಂದೆಯೂ ನಿಂತು ತನ್ನದೊಂದು ಪ್ರತಿಜ್ಞೆ ಮಾಡಬೇಕು.

5. ಹೊರದೇಶಕ್ಕೆ ಹೊರಡುವ ಮಕ್ಕಳಿಗೆ ಉಪ್ಪಿನಕಾಯಿ ಕಟ್ಟಿ ಕೊಡುವಾಗ ಅಲ್ಲಿಯ ಕಾನೂನು, ಪದ್ಧತಿಗಳ ಬಗ್ಗೆಯೂ ಕುಳಿತು ಮಾತಾಡಿ. ಕಾನೂನು ಬಿಡುತ್ತದೆ ಎಂದ ಮಾತ್ರಕ್ಕೆ ಮಾಡಲೇಬೇಕೆಂದಿಲ್ಲ ಎಂದು ಹೇಳಿ ಕಳಿಸಿ.

6. ಮನೆಯಲ್ಲಿ ಈಗಾಗಲೇ ಚಟಕ್ಕೆ ಬಿದ್ದವರಿದ್ದರೆ ಮುಚ್ಚಿಡಬೇಡಿ. ಅದು ಕಾಯಿಲೆಯೂ ಹೌದು. ನಮ್ಮ ನಗರದ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ಚಿಕಿತ್ಸೆಯ ವಿಭಾಗವಿದೆ. ಮಕ್ಕಳು ಸಂಕಟದಲ್ಲಿದ್ದರೆ 1098ಕ್ಕೆ ಕರೆ ಮಾಡಬಹುದು. ನಿಮ್ಮ ಗುರುಗಳ ಬಾಗಿಲೂ ತೆರೆದಿರುತ್ತದೆ.

ಮನೆಮಂದಿ ಕುಳಿತು ಯೋಚಿಸಲು

ನಮ್ಮ ಮನೆಯಲ್ಲಿ ಮಗು ಮದ್ಯವನ್ನು ಮೊದಲು ಕಂಡದ್ದು ಯಾರ ಕೈಯಲ್ಲಿ? ಕಳೆದ ತಿಂಗಳು ನಮ್ಮ ಕುಡಿತದ ಖರ್ಚು ಎಷ್ಟು, ಮಕ್ಕಳ ಪುಸ್ತಕದ ಖರ್ಚು ಎಷ್ಟು? ಬೇರೆ ದೇಶದವರ, ಬೇರೆ ಜನರ ಯಾವ ಪದ್ಧತಿಯನ್ನು ನಾವು ಅರಿಯದೆ ಹಳಿದಿದ್ದೇವೆ? ನಮ್ಮ ಯಾವ ಪದ್ಧತಿಯನ್ನು ಅವರು ಕಂಡರೆ ಬೆಚ್ಚಿಬೀಳುತ್ತಾರೆ?

ಪ್ರಿಯರೇ, ನಮ್ಮ ಬಡಾವಣೆಯ ಹೆಸರೇ ಶ್ರೀಗಂಧದ ಕಾವಲು. ಶ್ರೀಗಂಧದ ಸಸಿ ಒಂಟಿಯಾಗಿ ಬೆಳೆಯದು. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಹೆಣೆದು ಅದರಿಂದಲೇ ಸಾರ ಹೀರಿ ಬೆಳೆಯುತ್ತದೆ. ಒಳಗೆ ಪರಿಮಳದ ಚೇಗು ಕಟ್ಟಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಕಾವಲು ಬೇಕು. ಮಕ್ಕಳೂ ಹಾಗೆಯೇ. ಅವರ ಬೇರು ನಮ್ಮ ಬೇರಿಗೆ ಹೆಣೆದುಕೊಂಡಿದೆ. ನಮ್ಮ ಬೇರಿನಲ್ಲಿ ಏನಿದೆಯೋ ಅದನ್ನೇ ಅವರು ಹೀರುತ್ತಾರೆ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಹಿಂದಿನ ತಪ್ಪಿಗಾಗಿ ಕ್ಷಮೆ ಬೇಡೋಣ, ಒಂದು ಮಗುವಿನ ಹೆಸರೆತ್ತಿ ಬೇಡಿಕೊಳ್ಳೋಣ. ಕಾನಾ ಊರಿನಲ್ಲಿ ಮನೆಯವರಿಗಿಂತ ಮೊದಲು ಕೊರತೆಯನ್ನು ಕಂಡ ಮಾತೆ ಮರಿಯಮ್ಮನವರು ನಮ್ಮ ಮನೆಗಳ ಕೊರತೆಯನ್ನೂ ತಮ್ಮ ಪುತ್ರರಿಗೆ ತಿಳಿಸಲಿ.